ಡೆಲಿವರಿ ಕೆಲಸವಾ, ಅಪ್ರೆಂಟಿಸಾ?

ಐಟಿಐ ಫಿಟ್ಟರ್ ಮುಗಿಸಿದ ನಿಮ್ಮ ತಮ್ಮ ಡೆಲಿವರಿಗೆ ಹೋಗಲಾ, ಬೆಂಗಳೂರಿನ ಪೀಣ್ಯದ ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್ (ಕೆಲಸ ಕಲಿಯುವ ಹುಡುಗ) ಆಗಲಾ ಅಂತ ಕೇಳುತ್ತಿದ್ದಾನೆ ಎಂದಿದ್ದೀರಿ. ಮನೆಗೆ ಈಗಲೇ ದುಡ್ಡು ಬೇಕೇಬೇಕು ಅನ್ನುವ ಸ್ಥಿತಿ ಇಲ್ಲದಿದ್ದರೆ ಅಪ್ರೆಂಟಿಸ್‌ಗೇ ಕಳಿಸಿ. ಕಲಿಯುವಾಗ ಕೊಡುವ ಸ್ಟೈಪೆಂಡ್ ಕಡಿಮೆ, ನಿಜ. ಆದರೆ ಕೈಗೆ ಬರುವ ಕೆಲಸ ಜಾಸ್ತಿ. ವರ್ಕ್‌ಶಾಪ್‌ನಲ್ಲಿ ಫೋರ್‌ಮನ್ ಒಂದು ಶಾಫ್ಟ್ ಕೊಟ್ಟು "ಅಳತೆ ಹೇಳಪ್ಪಾ" ಅಂದಾಗ, ಮೈಕ್ರೋಮೀಟರ್ ಹಿಡಿದು ಡ್ರಾಯಿಂಗ್‌ಗೆ ಹೋಲಿಸಿ ಹೇಳುವ ಹುಡುಗನನ್ನೇ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಂತೆ ಲೋಹ ಕತ್ತರಿಸುವ) ಮಷಿನ್ ಹತ್ತಿರ ನಿಲ್ಲಿಸುತ್ತಾರೆ. ಅಲ್ಲಿಂದ ಮಷಿನ್ ಸಿದ್ಧ ಮಾಡಿಕೊಡುವ ಸೆಟ್ಟರ್, ಆಮೇಲೆ ಅದಕ್ಕೆ ಪ್ರೋಗ್ರಾಂ ಬರೆಯುವ ಪ್ರೋಗ್ರಾಮರ್ ಆದವರು ಬೇಕಾದಷ್ಟು ಜನ ಇದ್ದಾರೆ.

ಒಂದು ಮಾತ್ರ ಮರೆಯಬೇಡಿ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಒಪ್ಪಂದ ನೋಂದಣಿ ಮಾಡುತ್ತೀರಾ ಅಂತ ಕಂಪನಿಯವರನ್ನು ಮೊದಲೇ ಕೇಳಿ. ಸುಮ್ನೆ ಬಾಯಿಮಾತಲ್ಲಿ ಸೇರಿಸಿಕೊಂಡರೆ ಕೊನೆಗೆ ಸರ್ಟಿಫಿಕೇಟ್ ಸಿಗುವುದಿಲ್ಲ. ಅವನದು 2 ವರ್ಷದ ಕೋರ್ಸ್ ಅಲ್ವಾ? ಮುಂದೆ ಓದುವ ಮನಸ್ಸಾದರೆ ಡಿಪ್ಲೊಮಾ 2ನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ.