ಹಾರ್ಮೋನಿಕಾದ ಕೋಂಬ್ ಬದಲಿಸಿದರೆ ನಾದ ಸುಧಾರಿಸುವುದೇ?

ಪ್ರಶ್ನೆ: ನನ್ನ ಬಳಿ ಸಿ ಶ್ರುತಿಯ, ಹತ್ತು ರಂಧ್ರಗಳ, ಮರದ ಕೋಂಬ್ ಇರುವ ಡಯಟಾನಿಕ್ ಹಾರ್ಮೋನಿಕಾ ಇದೆ. ಎರಡನೆಯ ಮತ್ತು ಮೂರನೆಯ ರಂಧ್ರಗಳಲ್ಲಿ ಉಸಿರೆಳೆದು ಬೆಂಡ್ ಮಾಡಲು, ಅಂದರೆ ಸ್ವರವನ್ನು ಕೆಳಗಿಳಿಸಲು, ಹೋದರೆ ಸ್ವರ ನಿಲ್ಲುವುದಿಲ್ಲ, ಉಸಿರೂ ಬೇಗ ಸೋತುಹೋಗುತ್ತದೆ. ಹಿತ್ತಾಳೆಯ ಕೋಂಬ್ ಹಾಕಿಸಿದರೆ ನಾದ ತುಂಬಿ ಬರುತ್ತದೆ ಎಂದು ಜೊತೆಯಲ್ಲಿ ನುಡಿಸುವವರು ಹೇಳುತ್ತಾರೆ. ಹಾಕಿಸಬಹುದೇ?

ಉತ್ತರ: ಹಾಕಿಸಲು ಅಡ್ಡಿಯಿಲ್ಲ, ಆದರೆ ನೀವು ಹೇಳಿರುವ ಲಕ್ಷಣಗಳಿಗೆ ಮರ ಕಾರಣವಲ್ಲ, ನುಡಿಸುವ ಕ್ರಮ ಸರಿಯಿದ್ದರೆ ಕಾರಣ ಬಹುಮಟ್ಟಿಗೆ ಗಾಳಿಯ ಸೋರಿಕೆ. ಕೋಂಬ್ ಎಂಬುದು, ಗಾಳಿಗೆ ಕಂಪಿಸುವ ತೆಳು ಲೋಹದ ನಾಲಗೆಗಳನ್ನು (ರೀಡ್) ಹೊತ್ತ ಎರಡು ರೀಡ್ ಪ್ಲೇಟ್‌ಗಳ ನಡುವೆ ಕುಳಿತು, ತುಟಿಯಿಂದ ಬಂದ ಗಾಳಿಯನ್ನು ಹತ್ತು ಪ್ರತ್ಯೇಕ ಕೋಣೆಗಳಲ್ಲಿ ರೀಡ್‌ಗಳವರೆಗೆ ಒಯ್ಯುವ ಭಾಗ. ಹಾರ್ಮೋನಿಕಾದಲ್ಲಿ ನಾದ ಹುಟ್ಟುವುದು ರೀಡ್ ತನ್ನ ಸೀಳಿನಲ್ಲಿ ಹೋಗಿಬರುತ್ತ ಗಾಳಿಯ ಹರಿವನ್ನು ತುಂಡುತುಂಡಾಗಿ ಕಡಿಯುವುದರಿಂದಲೇ ಹೊರತು, ಪಿಟೀಲಿನಲ್ಲಿ ಆಗುವಂತೆ ವಾದ್ಯದ ಒಡಲೇ ಕಂಪಿಸಿ ಧ್ವನಿಯನ್ನು ಹಿಗ್ಗಿಸುವುದರಿಂದಲ್ಲ. ಆದ್ದರಿಂದ ಕೋಂಬ್ ಯಾವ ವಸ್ತುವಿನದು ಎಂಬುದಕ್ಕಿಂತ ಅದರ ಮೇಲ್ಮೈ ಎಷ್ಟು ಸಮತಟ್ಟಾಗಿದೆ, ರೀಡ್ ಪ್ಲೇಟ್ ಅದರ ಮೇಲೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದೇ ಮುಖ್ಯ. ಒಂದೇ ಜೊತೆ ರೀಡ್ ಪ್ಲೇಟ್‌ಗಳನ್ನು ಬೇರೆ ಬೇರೆ ಕೋಂಬ್‌ಗಳಿಗೆ ಕೂರಿಸಿ, ಯಾವುದು ಯಾವುದೆಂದು ತಿಳಿಸದೆ ನಡೆಸಿದ ಪರೀಕ್ಷೆಗಳಲ್ಲಿ ಅನುಭವಿ ವಾದಕರೂ ಮರ, ಪ್ಲಾಸ್ಟಿಕ್, ಲೋಹಗಳನ್ನು ನಿಖರವಾಗಿ ಬೇರ್ಪಡಿಸಲಾರದೆ ಹೋಗಿದ್ದಾರೆ. ಈ ಮಾತನ್ನು ಒಪ್ಪದ ವಾದಕರು ಇಂದಿಗೂ ಇದ್ದಾರೆ. ವಾದ ಮುಗಿಯುವ ಹಾಗೆ ಕಾಣುವುದಿಲ್ಲ.

ಹಾಗಾದರೆ ಹಿತ್ತಾಳೆ ಹಾಕಿಸಿಕೊಂಡವರಿಗೆ ನಾದ ನಿಜವಾಗಿಯೂ ಸುಧಾರಿಸಿದಂತೆ ಕೇಳುವುದೇಕೆ? ಒಳ್ಳೆಯ ಲೋಹದ ಕೋಂಬ್ ಯಂತ್ರದಲ್ಲಿ ಕೊರೆದು ಸಮಮಾಡಿದ್ದಾಗಿರುತ್ತದೆ. ಅದನ್ನು ಕೂರಿಸುವ ಕುಶಲಕರ್ಮಿ ಅದೇ ನೆಪದಲ್ಲಿ ಪ್ಲೇಟ್‌ಗಳನ್ನು ತೊಳೆದು, ರೀಡ್‌ಗೂ ಪ್ಲೇಟಿಗೂ ನಡುವಿನ ಅಂತರವನ್ನು ತಿದ್ದಿ, ಸ್ಕ್ರೂಗಳನ್ನು ಹದವಾಗಿ ಬಿಗಿಮಾಡಿರುತ್ತಾನೆ. ಇಷ್ಟು ಕೆಲಸದ ಶ್ರೇಯಸ್ಸೆಲ್ಲ ಕೊನೆಗೆ ಹಿತ್ತಾಳೆಯ ಖಾತೆಗೆ ಹೋಗುತ್ತದೆ. ಲೋಹದ ತೂಕ, ಅದರ ತಣ್ಣನೆಯ ನುಣುಪು ತುಟಿಗೂ ಕೈಗೂ ಹಿತವೆನಿಸಿದರೆ ಅಷ್ಟಕ್ಕಾಗಿಯೇ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ನಾದದ ಆಸೆಗೆ ಕೊಳ್ಳುವುದಾದರೆ ಮಾತ್ರ ಮೊದಲು ಇರುವ ಕೋಂಬನ್ನೇ ಪರೀಕ್ಷಿಸುವುದು ಮೇಲು.

ಸೋರಿಕೆ ಮೊದಲು ತೋರಿಕೊಳ್ಳುವುದು ಬೆಂಡ್‌ನಲ್ಲಿಯೇ. ಸಿ ಶ್ರುತಿಯ ವಾದ್ಯದ ಮೂರನೆಯ ರಂಧ್ರದಲ್ಲಿ ಎಳೆದಾಗ ಬಿ, ಊದಿದಾಗ ಜಿ ಬರುತ್ತದೆ. ಎಳೆಯುವ ಸ್ವರವನ್ನು ಬಿ ಫ್ಲ್ಯಾಟ್, ಎ, ಎ ಫ್ಲ್ಯಾಟ್ ಎಂದು ಮೂರು ಅರ್ಧಸ್ವರಗಳಷ್ಟು ಕೆಳಗಿಳಿಸಬಹುದು. ಹೀಗೆ ಇಳಿಸುವಾಗ ಎಳೆಯುವ ರೀಡ್ ಒಂದೇ ದುಡಿಯುವುದಿಲ್ಲ, ಅದೇ ಕೋಣೆಯ ಊದುವ ರೀಡ್ ಕೂಡ ನುಡಿಯತೊಡಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿತದಲ್ಲಿಡಬೇಕಾದ ಆ ಕ್ಷಣದಲ್ಲಿ ಗಾಳಿಯ ಒಂದು ಪಾಲು ಪಕ್ಕದ ಕೋಣೆಗೋ ಪ್ಲೇಟಿನ ಅಂಚಿಗೋ ಜಾರಿಹೋದರೆ ಸ್ವರ ತೂಗಾಡುತ್ತದೆ. ತಿದಿ ಸೋರುವ ಹಾರ್ಮೋನಿಯಂ ನುಡಿಸುವವರಿಗೆ ಈ ದಣಿವು ಪರಿಚಿತವೇ. ಆದರೆ ಒಂದು ಮಾತು: ಎರಡನೆಯ ರಂಧ್ರದ ಎಳೆಯುವ ಸ್ವರ ಹೊಸಬರೆಲ್ಲರನ್ನೂ ಕಾಡುತ್ತದೆ, ಅದಕ್ಕೆ ಬಾಯಿಯ ಒಳ ಆಕಾರವೇ ಕಾರಣವಾಗಿರುವುದು ಹೆಚ್ಚು. ಪಳಗಿದವರೊಬ್ಬರಿಗೆ ನಿಮ್ಮ ವಾದ್ಯವನ್ನು ಕೊಟ್ಟು ನುಡಿಸಿ ನೋಡಲು ಕೇಳಿ. ಅವರ ಕೈಯಲ್ಲಿ ಅದು ಸಲೀಸಾಗಿ ಬಾಗಿದರೆ ಉಪಕರಣಗಳ ಪೆಟ್ಟಿಗೆಯನ್ನು ಮುಚ್ಚಿಡಬಹುದು.

ಅವರಿಗೂ ಬಾಗದಿದ್ದರೆ ಕವರ್ ಪ್ಲೇಟ್ ಮತ್ತು ರೀಡ್ ಪ್ಲೇಟ್‌ಗಳನ್ನು ಬಿಚ್ಚಿ. ಎಳೆಯುವ ರೀಡ್‌ಗಳು ಕೆಳಗಿನ ಪ್ಲೇಟಿನ ಹೊರಮೈಯಲ್ಲಿರುವುದರಿಂದ ಕವರ್ ತೆಗೆದೊಡನೆ ಬೆರಳು ಸೋಕಿ ಬಾಗುವ ಭಯವಿದೆ, ಪ್ಲೇಟನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬಳಿಕ ಉಕ್ಕಿನ ಅಳತೆಪಟ್ಟಿಯ ಅಂಚನ್ನು ಕೋಂಬಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ತಗ್ಗಿರುವಲ್ಲಿ ಬೆಳಕಿನ ಗೆರೆ ಹಣಿಕುತ್ತದೆ. ತಿದ್ದಲು ದಪ್ಪ ಗಾಜಿನ ಮೇಲೆ 320ರ ಉಪ್ಪುಕಾಗದವನ್ನು ಹಾಸಿ, ಕೋಂಬಿನ ಮೈಮೇಲೆಲ್ಲ ಪೆನ್ಸಿಲ್‌ನಿಂದ ಗೀಚಿ, ಹಲ್ಲುಗಳ ಮೇಲೆ ಭಾರ ಹಾಕದೆ ಹಗುರವಾಗಿ ಉಜ್ಜಬೇಕು. ನಾಲ್ಕಾರು ಸಲ ಎಳೆದ ಮೇಲೆ ತಿರುಗಿಸಿ ನೋಡಿದರೆ ಉಬ್ಬುಗಳ ಮೇಲಿನ ಗೀಚು ಮಾಯವಾಗಿ, ತಗ್ಗುಗಳಲ್ಲಿ ಮಾತ್ರ ಉಳಿದಿರುತ್ತದೆ. ಕೋಂಬನ್ನು ಬಲದಿಂದ ಎಡಕ್ಕೆ ತಿರುಗಿಸಿ ಹಿಡಿಯುತ್ತ, ಎಲ್ಲ ಗೀಚೂ ಅಳಿಯುವವರೆಗೆ ಮುಂದುವರಿಸಿ, ಕೊನೆಗೆ 600ರ ಕಾಗದದಲ್ಲಿ ನುಣುಪು ಮಾಡಿ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳುವುದನ್ನೂ, ಜೋಡಿಸುವ ಮುನ್ನ ಧೂಳನ್ನು ಪೂರ್ತಿ ತೊಳೆದು ಒಣಗಿಸುವುದನ್ನೂ ಮರೆಯಬಾರದು. ಸೀಲ್ ಮಾಡದ ಮರವಾದರೆ ನೀರಿನ ಬದಲು ಒಣ ಬ್ರಷ್‌ನಿಂದ ಕೊಡವಬೇಕು. ಸ್ಕ್ರೂಗಳನ್ನು ನಡುವಿನಿಂದ ತುದಿಗಳ ಕಡೆಗೆ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಬಿಗಿಯಾದ ಮೇಲೆ ಯಾವುದಾದರೂ ರೀಡ್ ಗೊರಗುಟ್ಟಿದರೆ ಪ್ಲೇಟ್ ಸೊಟ್ಟಗಾಗಿ ರೀಡ್ ತನ್ನ ಸೀಳಿನ ಅಂಚಿಗೆ ತಾಗುತ್ತಿದೆ ಎಂದರ್ಥ. ಹತ್ತಿರದ ಸ್ಕ್ರೂವನ್ನು ತುಸು ಸಡಿಲಿಸಿ ನೋಡಬೇಕು.

ಪ್ರಶ್ನೆ: ನುಡಿಸಿದಷ್ಟೂ ಮರದ ಕೋಂಬಿನ ಹಲ್ಲುಗಳು ಉಬ್ಬಿ ತುಟಿಯನ್ನು ಗೀರುತ್ತವೆ. ಪ್ಲಾಸ್ಟಿಕ್‌ಗೆ ಬದಲಿಸುವುದೇ ದಾರಿಯೇ?

ಉತ್ತರ: ಅದೊಂದೇ ದಾರಿಯಲ್ಲ. ಸೀಲ್ ಮಾಡದ ಮರ ಉಸಿರಿನ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ; ಈ ಹೋಗುಬರವಿನಲ್ಲಿ ಹಲ್ಲುಗಳು ಪ್ಲೇಟಿನಿಂದ ಮುಂದಕ್ಕೆ ಚಾಚುವುದಷ್ಟೇ ಅಲ್ಲದೆ ಮೇಲ್ಮೈಯೂ ಸೊಟ್ಟಗಾಗುತ್ತದೆ. 1896ರಿಂದ ತಯಾರಾಗುತ್ತಿರುವ ಹೋನರ್ ಕಂಪನಿಯ ಮರೀನ್ ಬ್ಯಾಂಡ್‌ನ ಪಿಯರ್ ಮರದ ಕೋಂಬಿನ ಬಗ್ಗೆ ಈ ದೂರು ಹಳೆಯದು. ಅದೇ ವಂಶದ ಡಿಲಕ್ಸ್‌ನಲ್ಲಿ ಸೀಲ್ ಮಾಡಿದ ಮರವನ್ನೂ ಕ್ರಾಸ್‌ಓವರ್‌ನಲ್ಲಿ ಬಿದಿರನ್ನೂ ಬಳಸಿದ್ದಾರೆ. ನಿಮ್ಮ ಕೋಂಬ್ ಪೂರ್ತಿ ಒಣಗಿದ ಮೇಲೆ ಚಾಚಿದ ತುದಿಗಳನ್ನು ಉಜ್ಜಿ ದುಂಡಗಾಗಿಸಿ, ಜೇನುಮೇಣ ಮತ್ತು ಆಹಾರಕ್ಕೆ ಬಳಸಬಹುದಾದ ಮಿನರಲ್ ಆಯಿಲ್ ಸೇರಿಸಿ ಕರಗಿಸಿದ ಮಿಶ್ರಣವನ್ನು ಕೋಣೆಗಳ ಒಳಗೂ ಸವರಿ, ಹೆಚ್ಚಾದುದನ್ನು ಒರೆಸಿ ತೆಗೆಯಿರಿ. ಪೀಠೋಪಕರಣದ ವಾರ್ನಿಷ್ ಬೇಡ, ಅದು ತುಟಿಗೆ ತಾಗುವ ಜಾಗ. ಹಲ್ಲುಗಳು ಈಗಾಗಲೇ ಬಿರುಕುಬಿಟ್ಟಿದ್ದರೆ ಮಾತ್ರ ಹೊಸ ಕೋಂಬ್ ತರಿಸಿ.

ಪ್ರಶ್ನೆ: ಒಂದು ಮಾದರಿಗೆ ತರಿಸಿದ ಕೋಂಬ್ ಇನ್ನೊಂದಕ್ಕೆ ಹೊಂದುತ್ತದೆಯೇ?

ಉತ್ತರ: ಒಂದೇ ಮಾದರಿಯಾದರೆ ಶ್ರುತಿ ಬೇರೆಯಾದರೂ ಸಾಮಾನ್ಯವಾಗಿ ಹೊಂದುತ್ತದೆ, ಮಾದರಿ ಬದಲಾದರೆ ಹೊಂದುವ ಭರವಸೆಯಿಲ್ಲ. ಹೋನರ್ ಸ್ಪೆಷಲ್ 20ರಲ್ಲಿ ರೀಡ್ ಪ್ಲೇಟ್‌ಗಳು ಕೋಂಬಿನ ಅಂಚಿಗಿಂತ ಒಳಗೆ ಹುದುಗಿ ಕೂರುತ್ತವೆ. ಮರೀನ್ ಬ್ಯಾಂಡ್‌ನಲ್ಲಿ ಮೇಲೆಯೇ ಕೂರುತ್ತವೆ. ಹುದುಗಿರುವ ಮಾದರಿಯ ಕೋಂಬನ್ನು ಗಾಜಿನ ಮೇಲೆ ಉಜ್ಜಿ ಸಮಮಾಡುವುದೂ ಕಷ್ಟ, ಎತ್ತರದ ಅಂಚೇ ಕಾಗದಕ್ಕೆ ಮೊದಲು ತಾಗುತ್ತದೆ. ಅಂಥದು ಸೊಟ್ಟಗಾಗಿದ್ದರೆ ಬದಲಿಸುವುದೇ ಸರಿ. ಮೊಳೆ ಹೊಡೆದು ಜೋಡಿಸಿದ ಹಳೆಯ ವಾದ್ಯಕ್ಕೆ ಹೊಸ ಕೋಂಬ್ ಹಾಕಬೇಕಾದರೆ ಪ್ಲೇಟಿನ ತೂತುಗಳನ್ನು ಸ್ಕ್ರೂಗೆ ತಕ್ಕಂತೆ ಕೊರೆಯಬೇಕಾಗುತ್ತದೆ. ಆ ಲೋಹದ ಚೂರೊಂದು ಸೀಳಿನಲ್ಲಿ ಸಿಕ್ಕಿಕೊಂಡರೂ ರೀಡ್ ಮೂಕವಾಗುವುದರಿಂದ, ಜೋಡಿಸುವ ಮೊದಲು ಇಪ್ಪತ್ತು ರೀಡ್‌ಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿರಿ.