ಕ್ರೈಸ್ತ ನಂಬಿಕೆಯ ನೆರವಿನಿಂದ ಕುಡಿತವನ್ನು ಮಿತಿಯಲ್ಲಿ ಇಟ್ಟುಕೊಳ್ಳಬಹುದೇ?

ತಾವು ಕೇಳಿರುವುದು ಎರಡು ಸಂಗತಿಗಳನ್ನು: ಮದ್ಯಪಾನವೇ ಕ್ರೈಸ್ತರಿಗೆ ಪಾಪವೇ ಎಂಬುದು ಒಂದು, ಪೂರ್ತಿ ಬಿಡದೆ ಮಿತಿಯೊಳಗೆ ಇರಲು ನಂಬಿಕೆ ನಿಜಕ್ಕೂ ಸಹಾಯಕ್ಕೆ ಬರುತ್ತದೆಯೇ ಎಂಬುದು ಇನ್ನೊಂದು. ನಾನು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಯಲ್ಲಿ ಕಾಫಿ ತೋಟದ ಕೆಲಸದಲ್ಲಿರುವ ಕಥೋಲಿಕ ಕ್ರೈಸ್ತ, ಅಪರೂಪಕ್ಕೆ ಮಿತವಾಗಿ ಕುಡಿಯುವವನು. ನಾನು ಪಾಲಿಸಿಕೊಂಡು ಬಂದಿರುವುದನ್ನೇ ಇಲ್ಲಿ ಹೇಳುತ್ತೇನೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸವಾಗಿಸಿದರು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳುವಂತೆ ತಮ್ಮ ಶಿಷ್ಯ ತಿಮೊಥೇಯನಿಗೆ ಬರೆದ ಸಂತ ಪೌಲರೇ ಎಫೆಸ ಪಟ್ಟಣದ ಕ್ರೈಸ್ತರಿಗೆ ಕುಡಿದು ಮತ್ತರಾಗಬೇಡಿ ಎಂದೂ ಬರೆದರು. ಕಥೋಲಿಕ ಧರ್ಮಸಭೆ ಕುಡಿಯುವುದನ್ನೇ ನಿಷೇಧಿಸುವುದಿಲ್ಲ, ಅತಿಯಾಗುವುದನ್ನು ನಿಷೇಧಿಸುತ್ತದೆ. ಕುಡಿದ ಅಮಲಿನಲ್ಲಿ ರಸ್ತೆಯ ಮೇಲೆ ತನ್ನ ಮತ್ತು ಇತರರ ಪ್ರಾಣಕ್ಕೆ ಅಪಾಯ ತರುವವರು ಗುರುತರವಾದ ಅಪರಾಧಕ್ಕೆ ಗುರಿಯಾಗುತ್ತಾರೆಂದು ಅದರ ಅಧಿಕೃತ ಬೋಧನೆಯ ಗ್ರಂಥವಾದ ಧರ್ಮೋಪದೇಶದಲ್ಲಿ ಸ್ಪಷ್ಟವಾಗಿ ಹೇಳಿದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ರಾತ್ರಿ ಬೈಕು ಓಡಿಸುವ ನಮ್ಮ ಕಡೆಯವರು ಈ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಲೇಬೇಕು. ಪೆಂತೆಕೋಸ್ತ್ ಮುಂತಾದ ಸಭೆಗಳ ಅನೇಕರು ಮದ್ಯವನ್ನು ಮುಟ್ಟುವುದೇ ಇಲ್ಲ. ಅವರ ನಿಲುವಿನ ಬಗ್ಗೆ ನನಗೆ ಗೌರವವಿದೆ.

ಎರಡನೆಯ ಸಂಗತಿಯಲ್ಲಿ ನನ್ನ ಅನುಭವದ ಸಾರ ಇಷ್ಟು: ಮಿತಿಯನ್ನು ಲೋಟ ಹಿಡಿಯುವ ಮೊದಲೇ ನಿಶ್ಚಯಿಸಬೇಕು, ಏಕೆಂದರೆ ಮದ್ಯ ಮೊದಲು ಸಡಿಲಿಸುವುದು ಸಾಕು ಎಂದು ಹೇಳಬೇಕಾದ ವಿವೇಚನೆಯನ್ನೇ. ಮದುವೆಯೋ ಮದುವೆಗೆ ಮುಂಚಿನ ರೋಸ್ ಶಾಸ್ತ್ರವೋ ಇರುವ ದಿನ ಬೆಳಗಿನ ಪ್ರಾರ್ಥನೆಯಲ್ಲಿ ನಾನು ಆ ದಿನದ ಅಳತೆಯನ್ನು ದೇವರ ಮುಂದೆ ಹೇಳಿಕೊಳ್ಳುತ್ತೇನೆ, ಹೆಂಡತಿಗೂ ತಿಳಿಸುತ್ತೇನೆ. ಅಳತೆ ಎಂದರೆ ನಿಜವಾದ ಅಳತೆ. 30 ಮಿ.ಲೀ. ವಿಸ್ಕಿ ಅಥವಾ ರಮ್ಮಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ; ಶೇಕಡಾ 8ರ ಸ್ಟ್ರಾಂಗ್ ಬೀರಿನ 650 ಮಿ.ಲೀ. ಬಾಟಲಿಯಲ್ಲಿ ಅದರ ನಾಲ್ಕರಷ್ಟಿರುತ್ತದೆ. ಬರೀ ಬೀರು ತಾನೇ ಎಂದು ಎರಡು ಬಾಟಲಿ ಮುಗಿಸುವವರು ಇದನ್ನು ಲೆಕ್ಕಕ್ಕೆ ತರುವುದೇ ಇಲ್ಲ. ಮಿತವಾಗಿ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದೆಂಬ ನೆಪವನ್ನೂ ಬಿಡಬೇಕು. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಮಲೆನಾಡಿನಲ್ಲಿ ಇನ್ನೊಂದು ನೆಪವಿದೆ: ಮಳೆಗಾಲದ ಚಳಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ, ಆದರೆ ಒಳಗಿನ ಶಾಖ ಅದೇ ದಾರಿಯಿಂದ ಹೊರಗೆ ಹೋಗುತ್ತದೆ. ನೆನೆದು ಬಂದ ಮೈಗೆ ಬೇಕಾದದ್ದು ಒಣಬಟ್ಟೆ ಮತ್ತು ಬಿಸಿ ಊಟ.

ಒಬ್ಬರೇ ಮಾಡಿದ ನಿಶ್ಚಯ ಬಹಳ ದಿನ ನಿಲ್ಲುವುದಿಲ್ಲ. ಸಂತ ಆಗಸ್ಟೀನರ ತಾಯಿ ಮೋನಿಕಾ ಹುಡುಗಿಯಾಗಿದ್ದಾಗ, ಮನೆಯವರಿಗೆಂದು ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋಗಿ, ದಿನವೂ ತುಟಿಗಷ್ಟೇ ತಾಕಿಸುತ್ತಾ ಕೊನೆಗೆ ಬಟ್ಟಲು ತುಂಬ ಕುಡಿಯುವಂತಾದರೆಂದೂ, ಜಗಳದ ಹೊತ್ತಿನಲ್ಲಿ ಮನೆಗೆಲಸದ ಹುಡುಗಿ ಕುಡುಕಿ ಎಂದು ಮೂದಲಿಸಿದಾಗ ಎಚ್ಚೆತ್ತು ಅದನ್ನು ಬಿಟ್ಟರೆಂದೂ ಆ ಸಂತರೇ ಬರೆದಿದ್ದಾರೆ. ನಮಗೂ ಹಾಗೆ ಹೇಳುವ ಒಬ್ಬರು ಬೇಕು. ಪಾದ್ರಿಗಳ ಮುಂದೆ ಪಾಪಗಳನ್ನು ಒಪ್ಪಿಕೊಳ್ಳುವ ಪಾಪನಿವೇದನೆಗೆ ಪ್ರತಿ ಸಲ ಅದೇ ಗುರುಗಳ ಬಳಿ ಹೋಗುವುದರ ಪ್ರಯೋಜನವೂ ಇದೇ: ಹಿಂದಿನ ಸಲ ಏನು ಹೇಳಿದೆವೆಂಬುದನ್ನು ನಾವಂತೂ ಮರೆಯಲಾಗುವುದಿಲ್ಲ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲ ನನಗೆ ಎಲ್ಲಕ್ಕಿಂತ ಹೆಚ್ಚಿನ ನೆರವಾಗಿದೆ. ವಿಭೂತಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನಗಳಾಗುತ್ತವೆ. ಆ ಭಾನುವಾರಗಳಲ್ಲೂ ನಾನು ಮದ್ಯವನ್ನು ಮುಟ್ಟುವುದಿಲ್ಲ. ಉಳಿದ ವರ್ಷದಲ್ಲಿ, ಯೇಸುವಿನ ಮರಣವನ್ನು ನೆನೆಯುವ ಶುಕ್ರವಾರಗಳೂ ನನಗೆ ಮದ್ಯವಿಲ್ಲದ ದಿನಗಳು. ಹೀಗೆ ಬಿಟ್ಟಿರುವುದು ಸುಲಭವಾದರೆ ತಮ್ಮ ಮಿತಿ ನಿಜವಾದ ಮಿತಿ. ಕಷ್ಟವಾದರೂ ಸಾಧ್ಯವಾದರೆ ಅಳತೆಯನ್ನು ಇನ್ನೂ ತಗ್ಗಿಸಬೇಕು. ಸಾಧ್ಯವೇ ಆಗದಿದ್ದರೆ ಮಿತವಾಗಿ ಕುಡಿಯುವ ದಾರಿ ತಮ್ಮದಲ್ಲ, ಪೂರ್ತಿ ಬಿಡುವುದೇ ತಮ್ಮ ದಾರಿ ಎಂದು ಪ್ರೀತಿಯಿಂದಲೇ ಹೇಳುತ್ತೇನೆ.

ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ಮರೆಯಬೇಡಿ. ದಿನವೂ ಹೆಚ್ಚು ಕುಡಿಯುತ್ತಿರುವವರು, ಬೆಳಿಗ್ಗೆ ಕೈ ನಡುಗುವವರು, ಹರಕೆ ಹೊತ್ತು ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಮ್ಮ ಕಡೆಯವರಿಗೆ ದೂರವೇನಲ್ಲ. ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು. ವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆಯಲ್ಲ. ಸುವಾರ್ತೆಯನ್ನು ಬರೆದ ಲೂಕರನ್ನು ಸಂತ ಪೌಲರು ಪ್ರಿಯ ವೈದ್ಯನೆಂದೇ ಕರೆದಿದ್ದಾರೆ.