ಡೆಸ್ಕ್‌ಟಾಪ್‌ಗೆ ವೈಫೈ ಸಿಗ್ನಲ್ ಸಾಲುತ್ತಿಲ್ಲ: ದುಬಾರಿ ಕಾರ್ಡ್ ತಗೊಳ್ಳಬೇಕಾ?

ನೀವು ಕೇಳಿದ್ದು ಇಷ್ಟು. ಬೆಂಗಳೂರಿನ ವಿಜಯನಗರದಲ್ಲಿ 30×40 ಸೈಟಿನ ಮನೆ. ರೂಟರ್ ಮೊದಲ ಮಹಡಿಯ ಹಾಲ್‌ನಲ್ಲಿದೆ. ಅದರ ಮೇಲಿನ ರೂಮಿನಲ್ಲಿ ಹೊಸದಾಗಿ ಜೋಡಿಸಿದ ಡೆಸ್ಕ್‌ಟಾಪ್ ಇದೆ, ಅದರಲ್ಲಿ ಎರಡು ಆಂಟೆನಾದ ಪಿಸಿಐಇ (ಮದರ್‌ಬೋರ್ಡಿನ ಸ್ಲಾಟಿಗೆ ಹಾಕುವ) ವೈಫೈ ಕಾರ್ಡ್. ಅದೇ ರೂಮಿನಲ್ಲಿ ಫೋನ್ ಮೂರು ಗೆರೆ ತೋರಿಸುತ್ತದೆ, ಡೆಸ್ಕ್‌ಟಾಪ್ ಒಂದೇ ಗೆರೆ. 100 ಎಂಬಿಪಿಎಸ್ ಪ್ಲಾನ್‌ನಲ್ಲಿ 8 ಬಂದರೆ ಹೆಚ್ಚು. ನಾಲ್ಕು ಆಂಟೆನಾದ ದುಬಾರಿ ಕಾರ್ಡ್ ತಗೊಳ್ಳಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಿಮ್ಮ ಕಾರ್ಡ್ ಚೆನ್ನಾಗಿಯೇ ಇರುವ ಸಾಧ್ಯತೆ ಜಾಸ್ತಿ. ಆಂಟೆನಾ ಇರುವ ಜಾಗ ಸರಿಯಿಲ್ಲ, ಅಷ್ಟೇ.

ಒಂದು ಸಲ ಮೇಜಿನ ಕೆಳಗೆ ಬಗ್ಗಿ ನೋಡಿ. ಕಾರ್ಡ್ ಕೂತಿರುವುದು ಕ್ಯಾಬಿನೆಟ್‌ನ ಹಿಂಭಾಗದಲ್ಲಿ. ಆಂಟೆನಾ ಅಲ್ಲೇ ಹಿಂದೆ ಚಾಚಿಕೊಂಡಿರುತ್ತದೆ. ಅದರ ಒಂದು ಕಡೆ ಉಕ್ಕಿನ ಡಬ್ಬ, ಇನ್ನೊಂದು ಕಡೆ ಗೋಡೆ, ಸುತ್ತ ಪವರ್ ಕೇಬಲ್, ಮಾನಿಟರ್ ಕೇಬಲ್. ರೇಡಿಯೋ ಅಲೆಗೆ ಉಕ್ಕಿನ ತಗಡು ಅಂದರೆ ಗೋಡೆಗಿಂತ ದೊಡ್ಡ ಅಡ್ಡಿ. ನಿಮ್ಮ ಫೋನ್ ಹಾಗಲ್ಲ. ಅದು ಕೈಯಲ್ಲಿ, ಬಯಲಲ್ಲಿ, ನೆಲದಿಂದ ನಾಲ್ಕು ಅಡಿ ಮೇಲಿರುತ್ತದೆ. ನಾಲ್ಕು ಆಂಟೆನಾದ ಕಾರ್ಡ್ ಹಾಕಿದರೂ ಆ ನಾಲ್ಕೂ ಅದೇ ಡಬ್ಬದ ಹಿಂದೆಯೇ ಕೂರುತ್ತವೆ, ಅಲ್ವಾ?

ಇದನ್ನು ನಾನು ಕಷ್ಟಪಟ್ಟೇ ಕಲಿತಿದ್ದು. ನಮ್ಮ ಮನೆ ಹನುಮಂತನಗರದಲ್ಲಿ. ರೂಟರ್ ಕೆಳಗೆ ಅಪ್ಪ ಅಮ್ಮ ಇರುವ ಪೋರ್ಷನ್‌ನಲ್ಲಿ, ಡೆಸ್ಕ್‌ಟಾಪ್ ಮೇಲೆ. 2020ರಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ತಂಗಿಯ ಆನ್‌ಲೈನ್ ಇಂಟರ್‌ವ್ಯೂ ಒಂದೇ ವಾರದಲ್ಲಿ ಎರಡು ಸಲ ಅರ್ಧಕ್ಕೆ ಕಟ್ ಆಯಿತು. ಎರಡನೇ ಸಲ ಅವಳು ಏನೂ ಮಾತಾಡದೆ ಎದ್ದು ಹೋದಳು. ಅವತ್ತು ರಾತ್ರಿ ಕೂತು ನಾನು ಇದರ ಬುಡಕ್ಕೇ ಹೋದೆ. ಆಗ ಗೊತ್ತಾಗಿದ್ದನ್ನು ಹೇಳುತ್ತೇನೆ.

ಮೊದಲು ಗೆರೆ ನೋಡುವುದನ್ನು ಬಿಡಿ. ಗೆರೆಗೆ ಒಂದು ಅಳತೆ ಅಂತ ಇಲ್ಲ. ಫೋನಿನ ಮೂರು ಗೆರೆಗೂ ಕಂಪ್ಯೂಟರಿನ ಮೂರು ಗೆರೆಗೂ ಸಂಬಂಧವಿಲ್ಲ. ಸಿಗ್ನಲ್ ಅಳೆಯುವುದು ಡಿಬಿಎಂ ಅನ್ನುವ ಮಾನದಲ್ಲಿ, ಅದೂ ಮೈನಸ್ ಲೆಕ್ಕದಲ್ಲಿ. ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. ಎರಡು ನಂಬರಿನ ನಡುವಿನ ವ್ಯತ್ಯಾಸಕ್ಕೆ ಡಿಬಿ ಅನ್ನುತ್ತಾರೆ. ಮೈನಸ್ 30 ಅಂದರೆ ರೂಟರ್ ಪಕ್ಕದಲ್ಲೇ ಕೂತಿದ್ದೀರಿ. ಮೈನಸ್ 67ರ ಆಸುಪಾಸಿನವರೆಗೆ ವಿಡಿಯೋ ಕಾಲ್ ಆರಾಮಾಗಿ ನಡೆಯುತ್ತದೆ. ಮೈನಸ್ 75 ದಾಟಿದರೆ ಎಳೆಯಲು ಶುರುವಾಗುತ್ತದೆ. ಮೈನಸ್ 80ರ ಆಚೆ ಕನೆಕ್ಷನ್ ಇದ್ದರೂ ನಂಬುವ ಹಾಗಿಲ್ಲ. ಒಂದು ವಿಷಯ ನೆನಪಿಡಿ: 3 ಡಿಬಿ ಇಳಿದರೆ ಶಕ್ತಿ ಅರ್ಧ ಆಯಿತು ಅಂತ. 10 ಡಿಬಿ ಇಳಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿಯಿತು ಅಂತ. ಹಾಗಾಗಿ ನಾಲ್ಕೈದು ಡಿಬಿ ಸಿಕ್ಕರೂ ಅದು ಸಣ್ಣ ಲಾಭ ಅಲ್ಲ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ (netsh wlan show interfaces) ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ಸಿಗ್ನಲ್ ಅಂತ ಒಂದು ಸಾಲು ಶೇಕಡಾ ಲೆಕ್ಕದಲ್ಲಿರುತ್ತದೆ. ಅದನ್ನು ಡಿಬಿಎಂಗೆ ತರುವುದು ಸುಲಭ. ಅರ್ಧ ಮಾಡಿ, ಅದರಿಂದ 100 ಕಳೆಯಿರಿ. ವಿಂಡೋಸ್ ಲೆಕ್ಕದಲ್ಲಿ ಸೊನ್ನೆ ಅಂದರೆ ಮೈನಸ್ 100, ನೂರು ಅಂದರೆ ಮೈನಸ್ 50. ಹಾಗಾಗಿ 50 ಪರ್ಸೆಂಟ್ ಕಂಡರೆ ಅದು ಮೈನಸ್ 75. ‘ಅರ್ಧ ಇದೆಯಲ್ಲ, ಸಾಕು’ ಅನಿಸುತ್ತದೆ, ಆದರೆ ಸಾಲದು.

ನಮ್ಮ ಮನೆಯಲ್ಲಿ ಅವತ್ತು ಕಂಡಿದ್ದು 44 ಪರ್ಸೆಂಟ್, ಅಂದರೆ ಮೈನಸ್ 78. ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದು, ಸ್ವಲ್ಪ ಓರೆಯಾಗಿ ತಿರುಗಿಸಿದೆ. 54ಕ್ಕೆ ಏರಿತು. ಆಮೇಲೆ ಕ್ಯಾಬಿನೆಟ್ಟನ್ನೇ ಎತ್ತಿ ಮೇಜಿನ ಮೇಲೆ, ಬೆನ್ನು ಬಾಗಿಲಿನ ಕಡೆಗೆ ಬರುವ ಹಾಗೆ ಇಟ್ಟೆ. 68 ಬಂತು. ಮೈನಸ್ 78ರಿಂದ ಮೈನಸ್ 66, ಅಂದರೆ 12 ಡಿಬಿ. ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ ಹದಿನಾರು ಪಟ್ಟು ಶಕ್ತಿ. ಒಂದು ರೂಪಾಯಿ ಖರ್ಚಿಲ್ಲ. ತಂಗಿಯನ್ನು ಎಬ್ಬಿಸಿ ತೋರಿಸಬೇಕು ಅನ್ನುವಷ್ಟು ಖುಷಿ ಆಯಿತು.

ನೀವೂ ಮೊದಲು ಇಷ್ಟು ಮಾಡಿ. ನಂಬರ್ ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬದಲಿಸಿದ ಮೇಲೆ ಹತ್ತು ಹದಿನೈದು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ವೈಫೈ ಸಾಮಾನ್ಯವಾಗಿ ಓಡುವುದು 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಫ್ರೀಕ್ವೆನ್ಸಿ ಪಟ್ಟಿಯಲ್ಲಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ದು ಅದರ ಅರ್ಧಕ್ಕಿಂತ ಕಡಿಮೆ. ಗೋಡೆಗೆ ಬಡಿದು ಬರುವ ಅಲೆಗಳು ಕೆಲವು ಕಡೆ ಒಂದನ್ನೊಂದು ಕೂಡಿಕೊಳ್ಳುತ್ತವೆ, ಕೆಲವು ಕಡೆ ಅಳಿಸಿಕೊಳ್ಳುತ್ತವೆ. ಅದಕ್ಕೇ ಒಂದು ಗೇಣು ಸರಿಸಿದರೂ ನಂಬರ್ ಬದಲಾಗುವುದು.

ಆಂಟೆನಾ ನಿಲ್ಲಿಸುವ ರೀತಿಯೂ ಮುಖ್ಯ. ಈ ಕೋಲಿನಂಥ ಆಂಟೆನಾ ಉದ್ದಿನ ವಡೆಯ ಆಕಾರದಲ್ಲಿ ಸಿಗ್ನಲ್ ಹರಡುತ್ತದೆ. ಕೋಲು ವಡೆಯ ತೂತಿನಲ್ಲಿ ನಿಂತಿದೆ ಅಂದುಕೊಳ್ಳಿ. ಪಕ್ಕಕ್ಕೆ ಚೆನ್ನಾಗಿ ಹೋಗುತ್ತದೆ, ತುದಿ ತೋರಿಸುವ ದಿಕ್ಕಿಗೆ ಕಮ್ಮಿ. ರೂಟರ್ ಕಡೆಗೆ ಕೋಲಿನ ತುದಿ ತೋರಿಸಿದರೆ ಸಿಗ್ನಲ್ ಜಾಸ್ತಿ ಆಗುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಆಗುವುದು ಉಲ್ಟಾ. ನಿಮ್ಮ ರೂಟರ್ ನೇರ ಕೆಳಗಿದೆ, ಹಾಗಾಗಿ ಎರಡೂ ಆಂಟೆನಾ ನೆಟ್ಟಗೆ ನಿಲ್ಲಿಸಬೇಡಿ. ಒಂದನ್ನು ನೆಟ್ಟಗೆ ಬಿಡಿ, ಇನ್ನೊಂದನ್ನು ಮಲಗಿಸಿ. ರೂಟರಿನ ಆಂಟೆನಾದಲ್ಲೂ ಒಂದನ್ನು ಮಲಗಿಸಿ.

ಕ್ಯಾಬಿನೆಟ್ ಮೇಜಿನ ಮೇಲಿಡಲು ಜಾಗ ಇಲ್ಲದಿದ್ದರೆ ಆಂಟೆನಾವನ್ನಷ್ಟೇ ಮೇಲೆ ತನ್ನಿ. ಕೇಬಲ್ ಇರುವ, ಅಡಿಯಲ್ಲಿ ಮ್ಯಾಗ್ನೆಟ್ ಇರುವ ಆಂಟೆನಾ ಸ್ಟ್ಯಾಂಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ನಲ್ಲಿ ಸಿಗುತ್ತದೆ. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಕೇಬಲ್ ಉದ್ದ. ಈ ತೆಳು ಕೇಬಲ್ಲಿನಲ್ಲಿ 2.4 ಗಿಗಾಹರ್ಟ್ಸ್ ಸಿಗ್ನಲ್ ಮೀಟರಿಗೆ ಸುಮಾರು 2 ಡಿಬಿ ಸೋರಿಹೋಗುತ್ತದೆ, 5ರಲ್ಲಿ ಇನ್ನೂ ಜಾಸ್ತಿ. ಒಂದು ಮೀಟರ್ ಸಾಕು. ಐದು ಮೀಟರ್ ತಂದರೆ ಗಳಿಸಿದ್ದೆಲ್ಲ ಕೇಬಲ್ಲೇ ತಿನ್ನುತ್ತದೆ.

ಇನ್ನೊಂದು, ತುದಿಯ ಕನೆಕ್ಟರ್. ವೈಫೈ ಕಾರ್ಡಿನಲ್ಲಿ ಇರುವುದು ಆರ್‌ಪಿ-ಎಸ್‌ಎಂಎ. ನೋಡಲು ಥೇಟ್ ಅದರ ಹಾಗೇ ಇರುವ ಬರೀ ಎಸ್‌ಎಂಎ ಅಂತಲೂ ಒಂದಿದೆ. ಥ್ರೆಡ್ ಎರಡಕ್ಕೂ ಒಂದೇ, ವ್ಯತ್ಯಾಸ ಇರುವುದು ನಡುವಿನ ಪಿನ್ನಿನಲ್ಲಿ. ಕಾರ್ಡಿನ ಹಿಂದೆ ಟಾರ್ಚ್ ಬಿಟ್ಟು ನೋಡಿ. ಹೊರಗೆ ಥ್ರೆಡ್ ಇರುವ ಕೊಳವೆ, ಅದರ ನಡುವೆ ಬಂಗಾರದ ಬಣ್ಣದ ಸೂಜಿ ಕಾಣುತ್ತದೆ. ಹಾಗಾಗಿ ಕೇಬಲ್ಲಿನ ನಟ್ಟಿನ ನಡುವೆ ತೂತು ಇರಬೇಕು. ಅಲ್ಲೂ ಸೂಜಿ ಇದ್ದರೆ ಸೂಜಿಗೆ ಸೂಜಿ ತಾಗಿ ಬಾಗುತ್ತದೆ. ಎರಡೂ ಕಡೆ ತೂತೇ ಇದ್ದರೆ ಇನ್ನೂ ಮೋಸ. ನಟ್ಟು ಗಟ್ಟಿಯಾಗಿ ಕೂರುತ್ತದೆ, ಆದರೆ ಒಳಗೆ ಏನೂ ತಾಗಿರುವುದಿಲ್ಲ.

ಒಳಗಿನ ಕನೆಕ್ಷನ್ ಕೂಡ ನೋಡಲೇಬೇಕು. ಇದು ನನಗೇ ಆಗಿದ್ದು. ಕ್ಯಾಬಿನೆಟ್ ಜಾಗ ಬದಲಿಸಿದ ಮೇಲೂ ನನಗೆ ಒಂದು ಅನುಮಾನ ಉಳಿದಿತ್ತು. ಎಡಗಡೆಯ ಆಂಟೆನಾ ಬಿಚ್ಚಿದರೆ ನಂಬರ್ ದಡಕ್ಕನೆ ಬೀಳುತ್ತಿತ್ತು, ಬಲಗಡೆಯದು ಬಿಚ್ಚಿದರೆ ಒಂದು ಚೂರೂ ಅಲ್ಲಾಡುತ್ತಿರಲಿಲ್ಲ. ಪವರ್ ಆಫ್ ಮಾಡಿ ಕ್ಯಾಬಿನೆಟ್ ಬಿಚ್ಚಿದೆ. ಈಗಿನ ಎಷ್ಟೋ ಪಿಸಿಐಇ ಕಾರ್ಡುಗಳಲ್ಲಿ ಅಸಲಿ ರೇಡಿಯೋ ಅನ್ನುವುದು ಲ್ಯಾಪ್‌ಟಾಪಿಗೆ ಹಾಕುವ ಪುಟ್ಟ ಎಂ.2 ಮಾಡ್ಯೂಲೇ. ಅದರಿಂದ ಹಿಂದಿನ ಕನೆಕ್ಟರಿಗೆ ದಾರದಂಥ ಎರಡು ತೆಳು ಕಪ್ಪು ತಂತಿ ಹೋಗಿರುತ್ತವೆ. ತಂತಿಯ ತುದಿಯ ಗುಂಡು ಕ್ಯಾಪ್ ಸಾಸಿವೆ ಕಾಳಿನಷ್ಟು ಇರುತ್ತದೆ. ನನ್ನದರಲ್ಲಿ ಒಂದು ಕ್ಯಾಪ್ ಎದ್ದು ಪಕ್ಕಕ್ಕೆ ಕೂತಿತ್ತು. ಕಂಪ್ಯೂಟರ್ ಜೋಡಿಸಿಕೊಟ್ಟವರ ಕೈ ತಾಗಿತ್ತೋ, ಗಾಡಿಯಲ್ಲಿ ತರುವಾಗ ಅಲುಗಾಡಿತ್ತೋ ಗೊತ್ತಿಲ್ಲ. ಆರು ತಿಂಗಳು ಅರ್ಧ ಕಾರ್ಡಿನಲ್ಲೇ ನಡೆದಿತ್ತು. ಬೆರಳಿಗೆ ಕ್ಯಾಬಿನೆಟ್ಟಿನ ಲೋಹ ಮುಟ್ಟಿಸಿ ಸ್ಟಾಟಿಕ್ ಇಳಿಸಿಕೊಂಡು, ಕ್ಯಾಪನ್ನು ನೇರ ಇಟ್ಟು ಉಗುರಿನಿಂದ ಒತ್ತಿದೆ. ಟಿಕ್ ಅಂತು. ಅಷ್ಟೇ ಕೆಲಸ. ಹೀಗೆ ಒಂದು ಆಂಟೆನಾ ಸತ್ತಿದ್ದರೂ ವೈಫೈ ನಡೆಯುತ್ತಲೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ನೀವೂ ಒಂದೊಂದೇ ಆಂಟೆನಾ ಬಿಚ್ಚಿ ನಂಬರ್ ನೋಡಿ.

ನಿಮ್ಮ ಕ್ಯಾಬಿನೆಟ್ ಹಿಂದಿನ ಯುಎಸ್‌ಬಿ 3 ಪೋರ್ಟಿಗೆ ಹಾರ್ಡ್ ಡಿಸ್ಕ್ ಏನಾದರೂ ಚುಚ್ಚಿದ್ದೀರಾ? ಯುಎಸ್‌ಬಿ 3 ಡೇಟಾ ಓಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಹೊರಡುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದು ಪ್ರಕಟಿಸಿತ್ತು. ಆಂಟೆನಾ ಪಕ್ಕದಲ್ಲೇ ಆ ಪೋರ್ಟ್ ಇದ್ದರೆ ಡಿಸ್ಕನ್ನು ಮುಂದಿನ ಪೋರ್ಟಿಗೆ ಹಾಕಿ. ಯುಎಸ್‌ಬಿ ವೈಫೈ ಡಾಂಗಲ್ ಬಳಸುವವರಿಗೂ ಇದೇ ಮಾತು. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ ತನ್ನಿ.

ಈಗ ಮನೆಯ ವಿಷಯ. ನಿಮಗೂ ರೂಟರಿಗೂ ನಡುವೆ ಇರುವುದು ಆರ್‌ಸಿಸಿ ಮೋಲ್ಡ್. ಮೋಲ್ಡ್ ಹಾಕುವಾಗ ಕಂಬಿ ಜಾಲರಿ ಕಟ್ಟುತ್ತಾರಲ್ಲ, ಆ ಕಂಬಿ, ಅದರ ಮೇಲೆ ಐದಾರು ಇಂಚಿನ ಕಾಂಕ್ರೀಟ್, ಆಮೇಲೆ ಟೈಲ್ಸ್. ಇಷ್ಟನ್ನೂ ದಾಟಿ ಬರುವುದು ಕಷ್ಟ. ನಾಲ್ಕಿಂಚಿನ ಇಟ್ಟಿಗೆ ಗೋಡೆ ಪರವಾಗಿಲ್ಲ. ಆರಿಂಚಿನ ಸಾಲಿಡ್ ಬ್ಲಾಕ್ ಜಾಸ್ತಿ ತಡೆಯುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ದಪ್ಪ ಕಲ್ಲಿನ ಗೋಡೆ ಇನ್ನೂ ಹೆಚ್ಚು. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ನಡುವೆ ಬಂದರೆ ಅದೂ ಸೇರಿತು. ಆದರೆ ನಿಮ್ಮ ಮನೆಯಲ್ಲಿ ಮೆಟ್ಟಿಲು ಒಳಗೇ ಇದ್ದರೆ ಅದೇ ನಿಮ್ಮ ದಾರಿ. ಸಿಗ್ನಲ್ ಮೋಲ್ಡ್ ತೂರುವುದಕ್ಕಿಂತ ಮೆಟ್ಟಿಲ ಬಾಯಿಯಿಂದ ಸುಲಭವಾಗಿ ಮೇಲೆ ಬರುತ್ತದೆ. ರೂಟರನ್ನು ಟಿವಿ ಹಿಂದಿನಿಂದ ತೆಗೆದು ಮೆಟ್ಟಿಲು ಕಾಣುವ ಗೋಡೆಗೆ, ಎದೆಮಟ್ಟಕ್ಕಿಂತ ಮೇಲೆ ಹಾಕಿ.

2.4 ಹಾಕಬೇಕಾ 5 ಹಾಕಬೇಕಾ ಅಂದರೆ ಎರಡನ್ನೂ ಅಳೆದೇ ನೋಡಬೇಕು. ಅಡ್ಡಿಯೇ ಇಲ್ಲದ ಕಡೆಯೂ ಅಷ್ಟೇ ದೂರಕ್ಕೆ 5ರ ಸಿಗ್ನಲ್ 6–7 ಡಿಬಿ ಕಮ್ಮಿ ಇರುತ್ತದೆ, ಗೋಡೆ ಬಂದರೆ ಇನ್ನೂ ಕಮ್ಮಿ. ಆದರೆ 2.4ರಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ (ಪಟ್ಟಿಯೊಳಗಿನ ಸಣ್ಣ ಪಾಲು) ಮೂರೇ: 1, 6, 11. ನಮ್ಮ ಬೀದಿಯಲ್ಲಿ ಸಂಜೆ ಏಳರ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ವೈಫೈ ಹೆಸರು ಕಾಣುತ್ತವೆ. ಅಷ್ಟೂ ಈ ಮೂರರಲ್ಲೇ ತಿಣುಕಬೇಕು. ಸಿಗ್ನಲ್ ಮೈನಸ್ 58 ಇದ್ದರೂ ವೇಗ ಬಾರದಿದ್ದರೆ ಕಾರಣ ಈ ನೂಕುನುಗ್ಗಲು, ನಿಮ್ಮ ಕಾರ್ಡ್ ಅಲ್ಲ. 5ರಲ್ಲಿ ಜಾಗ ಧಾರಾಳ. ನಮ್ಮ ದೇಶದಲ್ಲಿ 2018ರಲ್ಲಿ ಈ ಪಟ್ಟಿಯ ಒಟ್ಟು 605 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ನನ್ನ ಅನುಭವದಲ್ಲಿ ಮೈನಸ್ 70ರ 5 ಗಿಗಾಹರ್ಟ್ಸ್, ಗಿಜಿಗುಡುವ ಸಂಜೆಯಲ್ಲಿ ಮೈನಸ್ 58ರ 2.4ಕ್ಕಿಂತ ಚೆನ್ನಾಗಿ ಓಡಿದೆ. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಒಂದೊಂದು ದಿನ ಬಳಸಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಮೈನಸ್ 75ರ ಆಚೆಯೇ ಉಳಿದರೆ, ದುಬಾರಿ ಕಾರ್ಡಿಗೆ ಕೊಡುವ ದುಡ್ಡನ್ನು ಕೇಬಲ್‌ಗೆ ಕೊಡಿ. ಹೊರಗಿನ ಗೋಡೆ ಹಿಡಿದು ಕಿಟಕಿ ಮೂಲಕ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿದರೆ ಡೆಸ್ಕ್‌ಟಾಪ್‌ಗೆ ವೈಫೈ ಚಿಂತೆಯೇ ಬೇಡ. ಬಿಸಿಲಿಗೆ ಹೊರಗೆ ಹಾಕುವ ಕಪ್ಪು ಹೊದಿಕೆಯ ಕೇಬಲ್ಲನ್ನೇ ಕೇಳಿ. ಬಾಡಿಗೆ ಮನೆಯಾಗಿದ್ದರೆ ಓನರ್‌ಗೆ ಮೊದಲೇ ಒಂದು ಮಾತು ಹೇಳಿ.

ಕ್ಯಾಬಿನೆಟ್ ಈಗಿರುವ ಜಾಗದಲ್ಲಿ ಎಷ್ಟು, ಗೋಡೆಯಿಂದ ಎಳೆದ ಮೇಲೆ ಎಷ್ಟು, ಒಂದೊಂದು ಆಂಟೆನಾ ಬಿಚ್ಚಿದಾಗ ಎಷ್ಟು ಅಂತ ನಂಬರ್ ಬರೆದು ಇಲ್ಲೇ ಕೆಳಗೆ ಹಾಕಿ. ನಾನು ನೋಡಿ ಹೇಳುತ್ತೇನೆ.